ರಕ್ಷಕನನ್ನು ಪಡೆದ ಊರು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಪಿಟ್ಸ್‌ಬರ್ಗ್ ನಗರಕ್ಕೆ ಹತ್ತಿರ, ಮೊನೊಂಗಹೇಲಾ ನದಿಯ ದಂಡೆಯ ಮೇಲೆ ಬ್ರಾಡಕ್ ಎಂಬ ಪುಟ್ಟ ಊರಿದೆ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ತನ್ನ ಎಡ್ಗರ್ ಥಾಮ್ಸನ್ ಕಾರ್ಖಾನೆಯನ್ನು 1875ರಲ್ಲಿ ಆರಂಭಿಸಿದ್ದು ಇಲ್ಲಿ. ಅವನು ಅಮೆರಿಕದಲ್ಲಿ ಕಟ್ಟಿಸಿದ ಮೊದಲ ಗ್ರಂಥಾಲಯ 1889ರಲ್ಲಿ ಬಾಗಿಲು ತೆರೆದದ್ದೂ ಇಲ್ಲಿಯೇ. 1920ರಲ್ಲಿ ಈ ಊರಿನಲ್ಲಿ 20 ಸಾವಿರಕ್ಕೂ ಹೆಚ್ಚು ಜನರಿದ್ದರು. ಉಕ್ಕಿನ ಉದ್ಯಮ ಕುಸಿದಾಗ ಹೋಗಬಲ್ಲವರೆಲ್ಲ ಹೋದರು. ಹೋಗಲಾರದವರು ಉಳಿದರು. ಉಳಿದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಬಡವರು. 1988ರಲ್ಲಿ ರಾಜ್ಯ ಸರ್ಕಾರ ಬ್ರಾಡಕ್ಕನ್ನು ಆರ್ಥಿಕ ಸಂಕಷ್ಟದಲ್ಲಿರುವ ಪೌರಸಂಸ್ಥೆಯೆಂದು ಘೋಷಿಸಿತು. 2000ದ ಜನಗಣತಿಯ ಹೊತ್ತಿಗೆ ಅಲ್ಲಿ ಮೂರು ಸಾವಿರ ಜನರೂ ಇರಲಿಲ್ಲ.

ಇಂಥ ಊರಿಗೆ 2001ರಲ್ಲಿ ಜಾನ್ ಫೆಟರ್‌ಮನ್ ಎಂಬ ಬಿಳಿಯ ತರುಣ ಬಂದರು. ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಪರೀಕ್ಷೆ ಕಟ್ಟಿಸುವ, ಕೆಲಸ ಹುಡುಕಿಕೊಡುವ ಕಾರ್ಯಕ್ರಮ ಅವರದಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ನೀತಿಯನ್ನು ಓದಿದವರು, ವಿಮಾ ವ್ಯವಹಾರದಲ್ಲಿ ಚೆನ್ನಾಗಿ ಸಂಪಾದಿಸಿದ ತಂದೆಯ ಮಗ. ಬೇರೆಯವರು ಬಿಟ್ಟು ಓಡುತ್ತಿದ್ದ ಊರಿನಲ್ಲಿ ಮನೆ ಮಾಡಿದರು. 2005ರಲ್ಲಿ ಮೇಯರ್ ಸ್ಥಾನಕ್ಕೆ ನಿಂತಾಗ ಅವರ ಪರವಾಗಿ ಓಡಾಡಿದವರು ಅವರ ಹತ್ತಿರ ಕಲಿತ ಹುಡುಗರೇ. ಪಕ್ಷದೊಳಗಿನ ಚುನಾವಣೆಯಲ್ಲಿ ಅವರು ಗೆದ್ದದ್ದು ಒಂದೇ ಒಂದು ಮತದಿಂದ.

ಮುಂದಿನ ಕಥೆ ಸಿನಿಮಾದಂತಿದೆ. ಆರೂವರೆ ಅಡಿಯನ್ನು ಮೀರಿದ ಎತ್ತರ, ಬೋಳು ತಲೆ, ಚಡ್ಡಿ, ಒಂದು ತೋಳಿನ ಮೇಲೆ ಊರಿನ ಪಿನ್‌ಕೋಡ್ 15104ರ ಹಚ್ಚೆ, ಇನ್ನೊಂದರ ಮೇಲೆ ತಾವು ಮೇಯರ್ ಆಗಿದ್ದಾಗ ಊರಿನಲ್ಲಿ ಹಿಂಸೆಗೆ ಬಲಿಯಾದವರ ಸಾವಿನ ದಿನಾಂಕಗಳು. ಪತ್ರಕರ್ತರಿಗೆ ಇನ್ನೇನು ಬೇಕು? ಟಿವಿಗಳು ಬಂದವು, ನಿಯತಕಾಲಿಕೆಗಳು ಬಂದವು. ಸತ್ತ ಊರಿಗೆ ಜೀವ ತುಂಬಲು ಬಂದ ಮೇಯರ್ ಎಂದು ಬರೆದವು. ಆ ಮೇಯರ್ 2019ರಲ್ಲಿ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆದರು, 2023ರಲ್ಲಿ ಅಮೆರಿಕದ ಸೆನೆಟ್ ಪ್ರವೇಶಿಸಿದರು. ಹದಿಮೂರು ವರ್ಷ ಅವರನ್ನು ಮೇಯರ್ ಆಗಿ ಪಡೆದ ಊರು? 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1,721.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಫೆಟರ್‌ಮನ್ ಅವರನ್ನು ಕಪಟಿ ಎಂದು ಕರೆಯುವುದು ನಮ್ಮ ಉದ್ದೇಶವಲ್ಲ. ಅವರು ಆ ಊರಿನಲ್ಲೇ ಬದುಕಿದರು, ಮಕ್ಕಳನ್ನು ಅಲ್ಲಿಯೇ ಬೆಳೆಸಿದರು. ಅವರ ಅವಧಿಯಲ್ಲಿ ಐದು ವರ್ಷಕ್ಕೂ ಮಿಕ್ಕಿ ಬ್ರಾಡಕ್‌ನಲ್ಲಿ ಒಂದೂ ಕೊಲೆ ನಡೆಯಲಿಲ್ಲ. ಲೆಫ್ಟಿನೆಂಟ್ ಗವರ್ನರ್ ಆಗಿ ಕ್ಷಮಾದಾನ ಮಂಡಳಿಯ ಅಧ್ಯಕ್ಷತೆ ವಹಿಸಿದಾಗ, ಜೀವಾವಧಿ ಶಿಕ್ಷೆಯಲ್ಲಿ ಕೊಳೆಯುತ್ತಿದ್ದ ಹಲವರ ಬಿಡುಗಡೆಗೆ ದುಡಿದರು. ಇವೆಲ್ಲ ಸಣ್ಣ ಕೆಲಸಗಳಲ್ಲ. ನಮ್ಮ ತಕರಾರು ಇರುವುದು ಆ ಒಳ್ಳೆಯತನ ಹಿಡಿದ ದಾರಿಯ ಬಗ್ಗೆ, ಮತ್ತು ಆ ದಾರಿಯನ್ನು ಕಣ್ಣುಮುಚ್ಚಿ ಹೊಗಳಿದ ನಮ್ಮಂಥವರ ಬಗ್ಗೆ.

ಬ್ರಾಡಕ್‌ನ ಮೇಯರ್‌ಗೆ ಇರುವ ಅಧಿಕಾರ ಬಹಳ ಕಡಿಮೆ. ಪೊಲೀಸರ ಮೇಲ್ವಿಚಾರಣೆ, ಕೌನ್ಸಿಲ್‌ನಲ್ಲಿ ಮತಗಳು ಸಮನಾದಾಗ ಒಂದು ಮತ, ನಿರ್ಣಯಗಳನ್ನು ತಡೆಹಿಡಿಯುವ ಹಕ್ಕು, ಫೆಟರ್‌ಮನ್ ಅವರ ಕಾಲದಲ್ಲಿ ತಿಂಗಳಿಗೆ 150 ಡಾಲರ್ ಸಂಬಳ. ಬಜೆಟ್ ಇರುವುದು ಚುನಾಯಿತ ಕೌನ್ಸಿಲ್‌ನ ಕೈಯಲ್ಲಿ. ಆ ಕೌನ್ಸಿಲ್ಲೋ ಬರಿದಾದ ಖಜಾನೆಯ ಮುಂದೆ ಕುಳಿತಿತ್ತು. ಫೆಟರ್‌ಮನ್ ಅದರ ಪಕ್ಕದಲ್ಲಿ ಇನ್ನೊಂದು ದಾರಿಯನ್ನು ಮಾಡಿಕೊಂಡರು. ಬ್ರಾಡಕ್ ರಿಡಕ್ಸ್ ಎಂಬ ತಮ್ಮ ಸ್ವಯಂಸೇವಾ ಸಂಸ್ಥೆಯ ಮೂಲಕ ಹಾಳುಬಿದ್ದ ಕಟ್ಟಡಗಳನ್ನು ಕೊಂಡರು, ಯುವಜನರ ಕಾರ್ಯಕ್ರಮಗಳನ್ನು ನಡೆಸಿದರು, ಕಲಾವಿದರನ್ನು ಕರೆತಂದರು. ಅದಕ್ಕೆ ದಾನಿಗಳ ಹಣದೊಂದಿಗೆ ಅವರ ಕುಟುಂಬದ ಹಣವೂ ಹರಿದುಬಂತು. ಅವರ ಸ್ವಂತ ಜೀವನಕ್ಕೂ ನಲವತ್ತು ದಾಟಿದ ಮೇಲೂ ತಂದೆ ತಾಯಿಯ ನೆರವೇ ಆಧಾರವಾಗಿತ್ತು. ಕೌನ್ಸಿಲ್‌ನ ಹಿರಿಯರೊಂದಿಗೆ ಅವರ ಜಗಳ ಬಹಿರಂಗವಾಗಿಯೇ ಇತ್ತು. ಕೌನ್ಸಿಲ್ ಸಭೆಗಳಿಗೆ ಅವರು ಅನೇಕ ಬಾರಿ ಗೈರುಹಾಜರಾಗುತ್ತಿದ್ದರು ಎಂಬುದೂ ಮುಂದೆ ವರದಿಯಾಯಿತು.

ಅವರ ಪರವಾಗಿ ಹೇಳುವ ವಾದವೂ ನಮಗೆ ಗೊತ್ತು. ಕೌನ್ಸಿಲ್ ನಿಷ್ಕ್ರಿಯವಾಗಿತ್ತು, ಅದನ್ನು ನಂಬಿ ಕುಳಿತಿದ್ದರೆ ಒಂದು ಕಿಟಕಿಯ ಗಾಜೂ ಬದಲಾಗುತ್ತಿರಲಿಲ್ಲ ಎನ್ನುವುದು ಆ ವಾದ. ಇರಬಹುದು. ಆದರೆ ಈ ವಾದವನ್ನು ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಕೌನ್ಸಿಲ್ ಸದಸ್ಯ ತಪ್ಪು ಮಾಡಿದರೆ ಬ್ರಾಡಕ್‌ನ ಮುದುಕಿಯೊಬ್ಬಳು ಮುಂದಿನ ಚುನಾವಣೆಯಲ್ಲಿ ಅವನನ್ನು ಮನೆಗೆ ಕಳಿಸಬಲ್ಲಳು. ಸಭೆಗೆ ಹೋಗಿ ಲೆಕ್ಕ ಕೇಳಬಲ್ಲಳು. ಸ್ವಯಂಸೇವಾ ಸಂಸ್ಥೆ ಯಾವ ಕಟ್ಟಡ ಕೊಳ್ಳಬೇಕು, ಯಾರನ್ನು ಊರಿಗೆ ಕರೆಯಬೇಕು ಎಂದು ತೀರ್ಮಾನಿಸುವಾಗ ಅವಳ ಮತ ಎಲ್ಲಿದೆ? ಅಲ್ಲಿ ಅವಳು ಫಲಾನುಭವಿ, ಪ್ರಜೆಯಲ್ಲ. ಬಿಳಿಯ ಮೇಯರ್ ಒಬ್ಬರು ಕಪ್ಪು ಜನರೇ ಹೆಚ್ಚಾಗಿರುವ ಊರಿನಲ್ಲಿ, ಆ ಜನ ಆರಿಸಿದ ಸಭೆಯನ್ನು ಬದಿಗೆ ಸರಿಸಿ ಕುಟುಂಬದ ಹಣದಲ್ಲಿ ಊರನ್ನು ಉದ್ಧಾರ ಮಾಡುವುದರ ಅರ್ಥವನ್ನು ವಿವರಿಸಲು ದೊಡ್ಡ ಸಿದ್ಧಾಂತ ಬೇಕಿಲ್ಲ. ಒಡೆಯ ಉದಾರಿಯಾಗಿದ್ದಾಗಲೂ ಒಡೆತನ ಒಡೆತನವೇ.

2010ನೇ ಇಸವಿಯಲ್ಲಿ ನಡೆದ ಎರಡು ಘಟನೆಗಳನ್ನು ಓದುಗರು ಜೊತೆಗಿಟ್ಟು ನೋಡಬೇಕು. ಜೀನ್ಸ್ ತಯಾರಿಸುವ ಲೀವೈಸ್ ಕಂಪೆನಿ ಆ ವರ್ಷ ತನ್ನ ಜಾಹೀರಾತುಗಳನ್ನು ಬ್ರಾಡಕ್‌ನಲ್ಲಿ ಚಿತ್ರೀಕರಿಸಿತು. ಊರಿನ ಜನರನ್ನೇ ಅದರಲ್ಲಿ ತೋರಿಸಿತು. ಪ್ರತಿಯಾಗಿ ಸಮುದಾಯ ಕೇಂದ್ರಕ್ಕೆ ಮತ್ತು ತರಕಾರಿ ತೋಟಕ್ಕೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಿತು. ಇದು ಮೇಯರ್ ಅವರ ಪ್ರಚಾರದ ಫಲ, ಒಪ್ಪೋಣ. ಅದೇ ವರ್ಷದ ಜನವರಿಯಲ್ಲಿ ಊರಿನ ಆಸ್ಪತ್ರೆಯನ್ನು ಯುಪಿಎಂಸಿ ಎಂಬ ಬೃಹತ್ ಸಂಸ್ಥೆ ಮುಚ್ಚಿತು. ಆಸ್ಪತ್ರೆಯ ಜೊತೆಗೆ ನೂರಾರು ಕೆಲಸಗಳೂ ಊರು ಬಿಟ್ಟವು, ಮುಂದೆ ಕಟ್ಟಡವನ್ನೂ ಕೆಡವಲಾಯಿತು. ಫೆಟರ್‌ಮನ್ ಪ್ರತಿಭಟಿಸಿದರು, ಬಂಧನಕ್ಕೂ ಒಳಗಾದರು. ಅದು ಅವರ ಗೌರವವನ್ನು ಹೆಚ್ಚಿಸುವ ಸಂಗತಿಯೇ. ಆದರೆ ಆಸ್ಪತ್ರೆ ಉಳಿಯಲಿಲ್ಲ.

ಇದರಲ್ಲಿ ಒಂದು ವ್ಯಂಗ್ಯ ಅಡಗಿದೆ. ಯುಪಿಎಂಸಿ ಕಾನೂನಿನ ಕಣ್ಣಿನಲ್ಲಿ ಲಾಭರಹಿತ ಸಂಸ್ಥೆ. ಸೇವೆಯ ಹೆಸರಿನಲ್ಲಿ ತೆರಿಗೆ ವಿನಾಯಿತಿ ಪಡೆಯುವ ಸಂಸ್ಥೆಯೇ ಬಡ ಊರಿನ ಆಸ್ಪತ್ರೆಗೆ ಬೀಗ ಹಾಕಿತು. ಬ್ರಾಡಕ್ ರಿಡಕ್ಸ್ ಕೂಡ ಲಾಭರಹಿತ ಸಂಸ್ಥೆಯೇ. ಒಂದು ಬಹಳ ದೊಡ್ಡದು, ಇನ್ನೊಂದು ಬಹಳ ಚಿಕ್ಕದು. ಒಂದು ಕಟುಕ ಮನಸ್ಸಿನದು, ಇನ್ನೊಂದು ಕರುಣೆಯದು ಎಂದೇ ಇಟ್ಟುಕೊಳ್ಳೋಣ. ಎರಡಕ್ಕೂ ಸಾಮಾನ್ಯವಾದದ್ದು ಒಂದಿದೆ. ಎರಡರ ತೀರ್ಮಾನವನ್ನೂ ಬದಲಿಸುವ ಹಕ್ಕು ಊರಿನ ಜನರಿಗಿರಲಿಲ್ಲ. ಕರುಣೆ ಬಂದರೆ ಸ್ವೀಕರಿಸಬೇಕು, ಹಿಂತೆಗೆದುಕೊಂಡರೆ ಸಹಿಸಬೇಕು. ಜಾಹೀರಾತಿನ ಹಣ ತೋಟ ಬೆಳೆಸಬಹುದು, ಹೆರಿಗೆ ನೋವಿನ ಹೆಣ್ಣನ್ನು ಹತ್ತಿರದ ಆಸ್ಪತ್ರೆಗೆ ಒಯ್ಯಲಾರದು.

2013ರ ಜನವರಿಯಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಗುಂಡಿನ ಸದ್ದು ಕೇಳಿತೆಂದು ಭಾವಿಸಿದ ಮೇಯರ್ ಬಂದೂಕು ಹಿಡಿದು ಹೊರಟು, ಓಡುತ್ತಿದ್ದ ಕಪ್ಪು ಮನುಷ್ಯನೊಬ್ಬನನ್ನು ತಡೆದು ಪೊಲೀಸರು ಬರುವವರೆಗೆ ನಿಲ್ಲಿಸಿದರು. ಆತನ ಬಳಿ ಯಾವ ಆಯುಧವೂ ಇರಲಿಲ್ಲ. ಆತ ವ್ಯಾಯಾಮಕ್ಕೆಂದು ಓಡುತ್ತಿದ್ದವನು. ಬಂದೂಕನ್ನು ಗುರಿಯಿಟ್ಟಿರಲಿಲ್ಲ ಎಂದು ಫೆಟರ್‌ಮನ್, ಗುರಿಯಿಟ್ಟಿದ್ದರು ಎಂದು ಆತ. ಮೇಯರ್ ಕ್ಷಮೆ ಕೇಳಲಿಲ್ಲ, ಅದೇ ವರ್ಷ ಮತ್ತೆ ಗೆದ್ದರು. ಗೆದ್ದದ್ದರಿಂದ ಜನ ಕ್ಷಮಿಸಿದರು ಎಂದು ಅವರ ಅಭಿಮಾನಿಗಳು ಹೇಳಬಹುದು. ನಮಗೆ ಕಾಣುವುದು ಬೇರೆ. ಊರನ್ನು ಕಾಯುವ ಹೊಣೆಯನ್ನೆಲ್ಲ ಒಬ್ಬನೇ ತನ್ನ ಮೈಮೇಲೆ ಬರೆದುಕೊಂಡಾಗ, ಆ ಹೊಣೆ ಬಂದೂಕಿನ ರೂಪದಲ್ಲೂ ಹೊರಬರಬಹುದು. ಪೊಲೀಸರಿಗೆ ವಿಚಾರಣೆಯಿದೆ, ನಿಯಮವಿದೆ. ರಕ್ಷಕನಿಗೆ ಇರುವುದು ತನ್ನ ಆತ್ಮಸಾಕ್ಷಿ ಮಾತ್ರ.

ಆ ಆತ್ಮಸಾಕ್ಷಿ ಎಷ್ಟು ದೂರದವರೆಗೆ ಕೇಳಿಸಿಕೊಳ್ಳಬಲ್ಲದು ಎಂಬುದು ಅವರು ಸೆನೆಟ್‌ಗೆ ಹೋದ ಮೇಲೆ ತಿಳಿಯಿತು. 2022ರಲ್ಲಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಲೇ ಅವರು ಚುನಾವಣೆ ಗೆದ್ದಾಗ ಅಮೆರಿಕದ ಪ್ರಗತಿಪರರು ಸಂಭ್ರಮಿಸಿದ್ದರು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿ ನಾಗರಿಕರನ್ನು ಕೊಂದಿತು, ಒತ್ತೆಯಾಳುಗಳನ್ನು ಹೊತ್ತೊಯ್ದಿತು. ಫೆಟರ್‌ಮನ್ ಅದನ್ನು ಖಂಡಿಸಿದ್ದು, ಒತ್ತೆಯಾಳುಗಳ ಚಿತ್ರಗಳನ್ನು ತಮ್ಮ ಕಚೇರಿಯ ಗೋಡೆಯ ಮೇಲೆ ಹಾಕಿದ್ದು ಸರಿಯಾದ ಕೆಲಸವೇ. ಆದರೆ ಗಾಜಾದ ಮೇಲೆ ಬಾಂಬುಗಳು ಬಿದ್ದು ಸಾವಿರಾರು ಮಕ್ಕಳು ಸತ್ತಾಗ ಅವರು ಕದನವಿರಾಮದ ಕೂಗನ್ನು ವಿರೋಧಿಸಿದರು. ಅವರ ಪ್ರಚಾರದಲ್ಲಿ ದುಡಿದಿದ್ದವರೇ ಬಹಿರಂಗ ಪತ್ರ ಬರೆದು ಕದನವಿರಾಮವನ್ನು ಬೆಂಬಲಿಸಿರೆಂದು ಬೇಡಿದರು. ಅವರು ಕದಲಲಿಲ್ಲ. ಅದೇ ಡಿಸೆಂಬರ್‌ನಲ್ಲಿ ತಾನು ಪ್ರಗತಿಪರನಲ್ಲ ಎಂದೂ ಹೇಳಿದರು.

ಒಂದೊಂದು ಸಾವಿನ ದಿನಾಂಕವನ್ನೂ ಚರ್ಮದ ಮೇಲೆ ಬರೆಸಿಕೊಂಡವರು ಅವರು. ಬ್ರಾಡಕ್‌ನ ಹುಡುಗನ ಸಾವಿಗೆ ಒಂದು ದಿನಾಂಕವಿದ್ದರೆ ಖಾನ್ ಯೂನಿಸ್‌ನ ಹುಡುಗನ ಸಾವಿಗೂ ಒಂದು ದಿನಾಂಕವಿದೆ. ಇದನ್ನು ನಾವು ಮುಸ್ಲಿಮರೆಂಬ ಕಾರಣಕ್ಕೆ ಹೇಳುತ್ತಿಲ್ಲ. ಹಚ್ಚೆಯ ತರ್ಕವೇ ಅದು. ಪ್ರತಿಯೊಂದು ಜೀವವನ್ನೂ ಲೆಕ್ಕಕ್ಕಿಡುತ್ತೇನೆ ಎಂದು ಲೋಕಕ್ಕೆ ತೋಳು ತೋರಿಸಿದವರು, ಲೆಕ್ಕ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಅವರ ಹಳೆಯ ಬೆಂಬಲಿಗರು ಇದನ್ನು ದ್ರೋಹವೆಂದರು, ಮನುಷ್ಯ ಬದಲಾಗಿಬಿಟ್ಟರು ಎಂದು ಮರುಗಿದರು. ನಮಗೆ ಹಾಗೆ ಅನ್ನಿಸುವುದಿಲ್ಲ. ಬ್ರಾಡಕ್‌ನಲ್ಲೂ ಅವರು ಸಭೆಯ ಮಾತು ಕೇಳಿ ನಡೆದವರಲ್ಲ. ತನಗೆ ಸರಿ ಕಂಡದ್ದನ್ನು ತನ್ನದೇ ಹಣಬಲದಿಂದ ಮಾಡಿದವರು. ಅಂದು ಸರಿ ಕಂಡದ್ದು ನಮಗೂ ಸರಿ ಕಂಡಿತು, ಆದ್ದರಿಂದ ಅದನ್ನು ಧೈರ್ಯವೆಂದು ಕೊಂಡಾಡಿದರು. ವಾಷಿಂಗ್ಟನ್‌ನಲ್ಲಿ ಅದೇ ಸ್ವಭಾವ ಬೇರೆ ದಿಕ್ಕಿಗೆ ತಿರುಗಿದಾಗ ಹಿಡಿದು ನಿಲ್ಲಿಸಲು ಯಾರ ಕೈಯಲ್ಲೂ ಹಗ್ಗವಿರಲಿಲ್ಲ, ಏಕೆಂದರೆ ಅವರನ್ನು ಯಾರೂ ಹಗ್ಗ ಕಟ್ಟಿ ಕಳಿಸಿರಲಿಲ್ಲ. ಚಳವಳಿಯಿಂದ, ಕಾರ್ಮಿಕ ಸಂಘದಿಂದ, ಒಂದು ಸಭೆಯ ಶಿಸ್ತಿನಿಂದ ಬಂದ ನಾಯಕ ದಾರಿ ತಪ್ಪಿದಾಗ ಅವನ ಮನೆಯ ಬಾಗಿಲು ತಟ್ಟಿ ಕೇಳುವ ಅಧಿಕಾರ ಜೊತೆಗಾರರಿಗಿರುತ್ತದೆ. ದಾನದಿಂದ ಬಂದ ನಾಯಕನ ಬಾಗಿಲಲ್ಲಿ ನಾವು ಬೇಡಿಕೊಳ್ಳಬಹುದಷ್ಟೆ.

ಸೇವಾಸಂಸ್ಥೆಗಳ ಹಿನ್ನೆಲೆಯಿಂದ ರಾಜಕೀಯಕ್ಕೆ ಬರುವವರನ್ನು ತಡೆಯಬೇಕೆಂದು ಇದರ ಅರ್ಥವಲ್ಲ. ಬರಲಿ. ಆದರೆ ಬಂದವರನ್ನು ಅವರ ತ್ಯಾಗದಿಂದ, ಸರಳ ಉಡುಪಿನಿಂದ, ಬಡವರ ನಡುವೆ ಹೂಡಿದ ಬಿಡಾರದಿಂದ ಅಳೆಯುವ ಅಭ್ಯಾಸವನ್ನು ನಾವು ಬಿಡಬೇಕು. ಅವರು ಹೊರಟ ದಿನ ಊರಿನ ಸಭೆ ಮೊದಲಿಗಿಂತ ಬಲವಾಗಿದೆಯೇ? ಅವರ ಸಂಸ್ಥೆಯ ಲೆಕ್ಕಪುಸ್ತಕವನ್ನು ಊರಿನವರು ಬಿಚ್ಚಿ ನೋಡಬಹುದೇ? ಅವರಿಲ್ಲದೆಯೂ ಕೆಲಸ ನಡೆಯುತ್ತದೆಯೇ? ಬಡವರು ತಮ್ಮ ಬಾಯಿಂದ ಮಾತನಾಡುತ್ತಿದ್ದಾರೆಯೇ, ಅಥವಾ ಅವರ ಪರವಾಗಿ ಒಬ್ಬರೇ ಕ್ಯಾಮೆರಾದ ಮುಂದೆ ನಿಂತಿದ್ದಾರೆಯೇ? ಅಳತೆಗೋಲು ಇವು.

2019ರ ಜನವರಿಯಲ್ಲಿ ಫೆಟರ್‌ಮನ್ ಮೇಯರ್ ಪದವಿ ಬಿಟ್ಟಾಗ ಆ ಸ್ಥಾನವನ್ನು ಕೌನ್ಸಿಲ್ ಶಾರ್ಡೇ ಜೋನ್ಸ್ ಎಂಬ ಕಪ್ಪು ತರುಣಿಗೆ ಕೊಟ್ಟಿತು. ಅದೇ ಅಲ್ಪ ಸಂಬಳ, ಅದೇ ಅಲ್ಪ ಅಧಿಕಾರ. ಕ್ಯಾಮೆರಾಗಳು ಮಾತ್ರ ಅಷ್ಟು ಸಂಖ್ಯೆಯಲ್ಲಿ ಬರಲಿಲ್ಲ. ನದಿಯ ದಂಡೆಯ ಕಾರ್ಖಾನೆ ಇವತ್ತಿಗೂ ಹೊಗೆ ಕಾರುತ್ತಿದೆ, 2025ರಲ್ಲಿ ಅದರ ಒಡೆತನ ಜಪಾನಿನ ನಿಪ್ಪಾನ್ ಸ್ಟೀಲ್ ಕಂಪೆನಿಗೆ ಹೋಯಿತು. ಊರಿನ ಸಭೆ ಈಗಲೂ ಸೇರುತ್ತದೆ, ತನ್ನ ಸಣ್ಣ ಬಜೆಟ್ಟಿನ ಮುಂದೆ ಕುಳಿತು ರಸ್ತೆ, ಕಸ, ಪೊಲೀಸರ ಸಂಬಳದ ಬಗ್ಗೆ ಚರ್ಚಿಸುತ್ತದೆ. ಬ್ರಾಡಕ್‌ನ ಬಗ್ಗೆ ಮುಂದೆ ಯಾರಾದರೂ ಬರೆಯುವುದಿದ್ದರೆ ಅಲ್ಲಿಂದ ಆರಂಭಿಸಲಿ.