ಔಷಧದಾನದೊಡನೆ ಅಭಯದಾನವೂ ಬೇಕು

ಮಗು ಆಸ್ಪತ್ರೆಗೆ ಸೇರಿದೊಡನೆ ಹೆತ್ತವರು ಮೂಕರಾಗಬೇಕೆಂಬ ಒಂದು ಅಲಿಖಿತ ನಿಯಮ ಸಮಾಜದಲ್ಲಿ ಬೇರೂರಿದೆ. ವೈದ್ಯರು ಹೇಳಿದ್ದನ್ನು ಕೇಳುವುದು, ತೋರಿಸಿದಲ್ಲಿ ಸಹಿ ಹಾಕುವುದು, ಹಣ ಕಟ್ಟುವುದು, ವಾರ್ಡಿನ ಹೊರಗೆ ಕುಳಿತು ಣಮೋಕಾರ ಜಪಿಸುವುದು, ಇಷ್ಟೇ ಅವರ ಕರ್ತವ್ಯವೆಂದು ಭಾವಿಸಲಾಗಿದೆ. ಪ್ರಶ್ನೆ ಕೇಳಿದ ತಂದೆ ಜಗಳಗಂಟನೆನಿಸುತ್ತಾನೆ. ಅದನ್ನೇ ಎರಡನೆಯ ಬಾರಿ ಕೇಳಿದ ತಾಯಿ ಗಾಬರಿಯ ಹೆಂಗಸೆನಿಸುತ್ತಾಳೆ. ಸುಮ್ಮನಿದ್ದವರ ಮೌನಕ್ಕೆ ವಿನಯವೆಂದೂ ಸಮತಾಭಾವವೆಂದೂ ಹೆಸರಿಡುವುದುಂಟು. ಈ ಹೆಸರುಗಳು ಅದಕ್ಕೆ ಸಲ್ಲವು. ಮಗುವಿನ ಪ್ರಾಣದ ವಿಷಯದಲ್ಲಿ ಇಂತಹ ಮೌನ ಪ್ರಮಾದವೇ ಸರಿ. ಪ್ರಮಾದವು ಹಿಂಸೆಯ ಬೇರೆಂಬುದು ತತ್ತ್ವಾರ್ಥಸೂತ್ರವನ್ನು ಬಲ್ಲ ಶ್ರಾವಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

೨೦೨೧ರಲ್ಲಿ ಇಂಗ್ಲೆಂಡಿನ ಮಾರ್ಥಾ ಮಿಲ್ಸ್ ಎಂಬ ೧೩ ವರ್ಷದ ಬಾಲಕಿ ಸೈಕಲಿನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಲಂಡನ್ನಿನ ಹೆಸರಾಂತ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ನಡೆಯುತ್ತಿದ್ದಾಗಲೇ ಸೋಂಕು ಮೈಗೆಲ್ಲ ವ್ಯಾಪಿಸಿತು. ತಾಯಿ ಮತ್ತೆ ಮತ್ತೆ ಆತಂಕವನ್ನು ತೋಡಿಕೊಂಡರು. ಭಯಪಡಬೇಕಾಗಿಲ್ಲವೆಂಬ ಸಮಾಧಾನವಷ್ಟೇ ದೊರೆಯಿತು. ತೀವ್ರ ನಿಗಾ ಘಟಕಕ್ಕೆ ಸಕಾಲದಲ್ಲಿ ಒಯ್ಯದೆ ಹೋದುದರಿಂದ ೧೪ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ ಬಾಲಕಿ ತೀರಿಕೊಂಡಳು. ಮೊದಲೇ ಒಯ್ದಿದ್ದರೆ ಬಹುಮಟ್ಟಿಗೆ ಬದುಕುತ್ತಿದ್ದಳೆಂದು ೨೦೨೨ರಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಅದಕ್ಕೂ ಮುನ್ನ, ೨೦೦೭ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಮೂರು ವರ್ಷ ತುಂಬದ ರಯಾನ್ ಸಾಂಡರ್ಸ್ ಎಂಬ ಬಾಲಕ ಇಂತಹುದೇ ಸೋಂಕಿಗೆ ಬಲಿಯಾಗಿದ್ದ. ಮಗು ಕ್ಷಣಕ್ಷಣಕ್ಕೆ ಕುಸಿಯುತ್ತಿದೆಯೆಂದು ಹೆತ್ತವರು ಅರಿತಿದ್ದರು. ಅವರ ಅರಿವಿಗೆ ಬೆಲೆ ಸಿಗಲಿಲ್ಲ.

ಆ ಹೆತ್ತವರು ದುಃಖವನ್ನು ನುಂಗಿಕೊಂಡು ಮನೆಯಲ್ಲಿ ಕೂರಲಿಲ್ಲ. ಅವರ ಹೋರಾಟದ ಫಲವಾಗಿ ಕ್ವೀನ್ಸ್‌ಲೆಂಡಿನಲ್ಲಿ ೨೦೧೩ರಲ್ಲಿ ‘ರಯಾನ್ ನಿಯಮ’ ಜಾರಿಗೆ ಬಂದಿತು. ಅದಕ್ಕೆ ಮೂರು ಮೆಟ್ಟಿಲುಗಳು: ಮೊದಲು ದಾದಿಗೆ ಅಥವಾ ವೈದ್ಯರಿಗೆ ಹೇಳುವುದು, ಸಮಾಧಾನವಾಗದಿದ್ದರೆ ಪಾಳಿಯ ಮುಖ್ಯ ದಾದಿಗೆ ತಿಳಿಸುವುದು, ಆಗಲೂ ಆಗದಿದ್ದರೆ ನಿಗದಿಯಾದ ದೂರವಾಣಿ ಸಂಖ್ಯೆಗೆ ಕರೆಮಾಡಿ ಮಗುವಿನ ಸ್ಥಿತಿಯ ಮರುಪರಿಶೀಲನೆಯನ್ನು ಕೋರುವುದು. ಇಂಗ್ಲೆಂಡಿನಲ್ಲಿ ೨೦೨೪ರಲ್ಲಿ ‘ಮಾರ್ಥಾ ನಿಯಮ’ ಮೊದಲ ಹಂತದಲ್ಲಿ ೧೪೩ ಆಸ್ಪತ್ರೆಗಳಿಗೆ ಬಂದಿತು. ಹಗಲಿರುಳೆನ್ನದೆ ಬೇರೊಂದು ವೈದ್ಯ ತಂಡದ ಪರೀಕ್ಷೆಯನ್ನು ಕೇಳುವ ಹಕ್ಕು ಅದರಿಂದ ಕುಟುಂಬಕ್ಕೆ ದೊರೆಯಿತು.

ಹೆತ್ತವರ ಮಾತಿಗೆ ಇಷ್ಟು ತೂಕವೇಕೆ ಎಂದು ಕೇಳುವವರುಂಟು. ಉತ್ತರ ಸರಳ. ದಾದಿಯರು ಪಾಳಿಗೊಮ್ಮೆ ಬದಲಾಗುತ್ತಾರೆ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಹೋಗುತ್ತಾರೆ. ಹಾಸಿಗೆಯ ಪಕ್ಕದಿಂದ ಕದಲದವಳು ತಾಯಿಯೊಬ್ಬಳೇ. ಯಂತ್ರವು ನಾಡಿಯ ಬಡಿತವನ್ನು ಎಣಿಸುತ್ತದೆ. ನಿನ್ನೆ ನಗುತ್ತಿದ್ದ ಮಗು ಇಂದು ಮುಖ ತಿರುಗಿಸಿ ಮಲಗಿದೆಯೆಂಬುದನ್ನು ಅದು ಹೇಳಲಾರದು. ವೈದ್ಯನು ರೋಗವನ್ನು ಬಲ್ಲ, ತಾಯಿ ಮಗುವನ್ನು ಬಲ್ಲಳು. ಒಂದು ವಸ್ತುವಿಗೆ ಅನೇಕ ಮುಖಗಳುಂಟೆಂದು ಸಾರುವ ಅನೇಕಾಂತವನ್ನು ವೇದಿಕೆಗಳಲ್ಲಿ ಕೊಂಡಾಡುವವರು, ಮಗುವಿನ ಹಾಸಿಗೆಯ ಬಳಿ ಒಂದೇ ನಯಕ್ಕೆ ಏಕೆ ಶರಣಾಗಬೇಕು?

ಇತಿಹಾಸವೂ ಇದನ್ನೇ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳು ಹೆತ್ತವರನ್ನು ಮಕ್ಕಳ ವಾರ್ಡಿನಿಂದ ದೂರವಿಡುತ್ತಿದ್ದವು. ತಾಯಿ ಬಂದರೆ ಮಗು ಅಳುತ್ತದೆ, ಶಿಸ್ತು ಕೆಡುತ್ತದೆ ಎಂಬುದು ಅಂದಿನ ತರ್ಕ. ೧೯೫೨ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಸಂಕಟವನ್ನು ಚಲನಚಿತ್ರದಲ್ಲಿ ತೋರಿಸಿದರು. ೧೯೫೯ರಲ್ಲಿ ಪ್ಲಾಟ್ ಸಮಿತಿಯು ಹೆತ್ತವರ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಅಂದು ಅಡ್ಡಿಯೆನಿಸಿದ್ದು ಇಂದು ಚಿಕಿತ್ಸೆಯ ಭಾಗವಾಗಿದೆ. ಹತ್ತಿರವಿರುವ ಹಕ್ಕು ಅಂದು ದೊರೆತಂತೆ ಮಾತನಾಡುವ ಹಕ್ಕೂ ದೊರೆಯಬೇಕು.

ಕರ್ಮಸಿದ್ಧಾಂತವನ್ನು ಅಡ್ಡ ತರುವವರೂ ಇದ್ದಾರೆ. ಬಂದದ್ದು ಕರ್ಮದ ಉದಯ, ಸಹಿಸಬೇಕು ಎನ್ನುತ್ತಾರೆ. ಸ್ವಂತ ನೋವನ್ನು ಸಮಚಿತ್ತದಿಂದ ಸಹಿಸುವುದು ಬೇರೆ; ಮಾತು ಬಾರದ ಮಗುವಿನ ನೋವನ್ನು ಅದರ ಪರವಾಗಿ ಸಹಿಸಿಕೊಳ್ಳುವುದು ಬೇರೆ. ಮೊದಲನೆಯದು ತಪಸ್ಸು, ಎರಡನೆಯದು ಕರ್ತವ್ಯಲೋಪ. ಬಸದಿಯ ಲೆಕ್ಕದಲ್ಲಿ ನೂರು ರೂಪಾಯಿ ವ್ಯತ್ಯಾಸವಾದರೆ ಕರ್ಮವೆಂದು ಸುಮ್ಮನಿರುವ ಧರ್ಮದರ್ಶಿ ಯಾರೂ ಇಲ್ಲ!

ಇನ್ನೂ ಕಹಿಯಾದ ಸತ್ಯವೊಂದಿದೆ. ಎಷ್ಟೋ ಬಾರಿ ತಾಯಿಯ ಬಾಯಿ ಮುಚ್ಚಿಸುವವರು ಆಸ್ಪತ್ರೆಯವರಲ್ಲ, ಮನೆಯ ಹಿರಿಯರು. ‘ದೊಡ್ಡ ಡಾಕ್ಟರ ಮುಂದೆ ನಿನಗೇನಮ್ಮಾ ತಿಳಿಯುತ್ತದೆ’ ಎಂಬ ಮಾವನ ಒಂದು ಮಾತಿಗೆ, ಮೂರು ರಾತ್ರಿ ನಿದ್ದೆಗೆಟ್ಟು ಮಗುವನ್ನು ಕಾದ ಸೊಸೆ ತಲೆ ತಗ್ಗಿಸುತ್ತಾಳೆ. ಅವಳೊಡನೆ ಅವಳ ಅರಿವೂ ಮೂಲೆ ಸೇರುತ್ತದೆ.

ಪ್ರಶ್ನಿಸುವುದೆಂದರೆ ಗಲಾಟೆ ಮಾಡುವುದಲ್ಲ. ವೈದ್ಯರ ಮೇಲೆ ಕೈಮಾಡುವವರನ್ನು ಶಿಕ್ಷಿಸುವ ಕಾಯಿದೆ ಕರ್ನಾಟಕದಲ್ಲಿ ೨೦೦೯ರಲ್ಲಿ ಬಂದಿದೆ, ಅದು ನ್ಯಾಯವೇ. ಆದರೆ ಕೇಳುವ ಹಕ್ಕನ್ನೂ ಕಾನೂನು ಮಾನ್ಯ ಮಾಡಿದೆ. ಕೋರಿದ ೭೨ ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಒದಗಿಸಬೇಕೆಂದು ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಾವಳಿ ವಿಧಿಸುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೧೮ರಲ್ಲಿ ರೂಪಿಸಿದ ಸನ್ನದು, ರೋಗದ ವಿವರವನ್ನು ತಿಳಿಯುವ ಭಾಷೆಯಲ್ಲಿ ಕೇಳುವ ಹಾಗೂ ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕುಗಳನ್ನು ಸಾರುತ್ತದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕುರಿತ ಕರ್ನಾಟಕದ ಕಾಯಿದೆಗೂ ೨೦೧೭ರ ತಿದ್ದುಪಡಿಯಿಂದ ರೋಗಿಗಳ ಸನ್ನದು ಸೇರಿದೆ. ಕಾಗದದಲ್ಲಿರುವುದು ವಾರ್ಡಿಗೆ ಇಳಿಯಬೇಕಾದರೆ ಕೇಳುವವರು ಬೇಕು.

ಕುಟುಂಬಗಳು ಮಾಡಬೇಕಾದುದು ಕಷ್ಟದ್ದೇನಲ್ಲ. ಜ್ವರ, ಮೂತ್ರ, ಆಹಾರ, ಔಷಧಗಳ ಸಮಯವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಹತ್ತು ಮಂದಿ ಮುತ್ತದೆ, ಮಗುವಿನ ಬಳಿಯಿರುವವರೇ ಮಾತನಾಡಲಿ. ‘ಸಂಜೆಯೊಳಗೆ ಗುಣ ಕಾಣದಿದ್ದರೆ ಮುಂದೇನು? ರಾತ್ರಿ ಯಾರನ್ನು ಕರೆಯಬೇಕು?’ ಎಂಬ ಎರಡು ಪ್ರಶ್ನೆಗಳನ್ನು ಪ್ರತಿದಿನವೂ ಕೇಳಲಿ.

ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಆಸ್ಪತ್ರೆಗೆ ಕೊಡುವ ಹಣ ಔಷಧದಾನವೆಂದು ಹೆಮ್ಮೆಪಡುವುದು ಸಹಜ. ಅಮೃತಶಿಲೆಯ ಫಲಕದಲ್ಲಿ ದಾನಿಯ ಹೆಸರು ಕೆತ್ತಿಸಿ, ಒಳಗೆ ತಾಯಿಯೊಬ್ಬಳು ಬಾಯಿ ತೆರೆಯಲು ನಡುಗುತ್ತಿದ್ದರೆ ಅಲ್ಲಿ ಅಭಯವೆಲ್ಲಿ? ಇನ್ನು ಮುಂದೆ ಯಾವ ಟ್ರಸ್ಟೂ ಮಕ್ಕಳ ವಾರ್ಡಿಗೆ ಹಣ ಕೊಡುವ ಮುನ್ನ ಮೂರು ಷರತ್ತುಗಳನ್ನು ಬರಹದಲ್ಲಿ ಪಡೆಯಲಿ: ರಾತ್ರಿಯೂ ಹೆತ್ತವರೊಬ್ಬರು ಮಗುವಿನ ಬಳಿ ಇರಲು ಅವಕಾಶ, ಹೆತ್ತವರು ಕೋರಿದಾಗ ಬೇರೊಬ್ಬ ಹಿರಿಯ ವೈದ್ಯರಿಂದ ಮರುಪರೀಕ್ಷೆ, ಈ ಹಕ್ಕನ್ನೂ ಕರೆಯಬೇಕಾದ ಸಂಖ್ಯೆಯನ್ನೂ ತಿಳಿಸುವ ಕನ್ನಡ ಫಲಕ ಪ್ರತಿ ಹಾಸಿಗೆಯ ಮೇಲೆ. ಒಪ್ಪದ ಆಸ್ಪತ್ರೆಗೆ ದಾನದ ಹಣ ಸಲ್ಲಬಾರದು.