ನಡುಹಗಲ ಕೂಲಿಯನ್ನು ಕುರಿತು ಒಂದು ಬಿನ್ನಹ



ವೈಶಾಖದಲ್ಲಿ ಕಲಬುರಗಿಯ ಸೀಮೆಯನ್ನು ಕಂಡವರಿಗೆ ಅಲ್ಲಿನ ಬಿಸಿಲನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಉಷ್ಣತೆಯು 40 ಡಿಗ್ರಿಯನ್ನು ದಾಟುವ ಆ ದಿನಗಳಲ್ಲಿ, ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವಂತೆ ಏಪ್ರಿಲ್, ಮೇ ತಿಂಗಳುಗಳಿಗೆ ಸರ್ಕಾರವು ಆಜ್ಞೆ ಹೊರಡಿಸುವ ಪದ್ಧತಿಯಿದೆ. ಅದು ಯುಕ್ತವಾದುದೇ, ಅದನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ಪಂಖದ ಕೆಳಗೆ ಕುಳಿತು ಬರೆಯುವವನಿಗೆ ಸಲ್ಲುವ ಈ ವಿನಾಯಿತಿಯು, ಅದೇ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲುಗಣಿಯಲ್ಲಿ, ಕಾದ ಹಾಸುಬಂಡೆಯ ಮೇಲೆ ನಿಂತು ಹಾರೆಯಿಂದ ಪದರಪದರವಾಗಿ ಫರ್ಸಿಕಲ್ಲನ್ನು ಎಬ್ಬಿಸುವವನಿಗೆ ಏಕೆ ಸಲ್ಲಬಾರದು?

ಇಂಥ ಬಿಸಿಲಿನಲ್ಲಿ ಮನುಷ್ಯದೇಹವು ತನ್ನ ಉಷ್ಣವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಳ್ಳುವುದು ಮುಖ್ಯವಾಗಿ ಬೆವರಿನ ಬಲದಿಂದ. ಮೇಲಿನಿಂದ ಸೂರ್ಯನೂ ಕೆಳಗಿನಿಂದ ಕಲ್ಲೂ ಒಳಗಿನಿಂದ ದುಡಿಮೆಯೂ ಏಕಕಾಲದಲ್ಲಿ ಸುಡುತ್ತಿರಲು, ಬೆವರಾಗಿ ಹೋದ ನೀರು ಮರಳಿ ಒಡಲನ್ನು ಸೇರದಿದ್ದರೆ, ಮೊದಲು ತಲೆ ತಿರುಗಿ, ವಾಕರಿಕೆ ಬಂದು, ಕೈಕಾಲು ಸೆಳೆದು, ಕಡೆಗೆ ದೇಹೋಷ್ಣವು 40 ಡಿಗ್ರಿಯನ್ನು ಮೀರಿದಾಗ ಮಾತು ತೊದಲಿ ಬುದ್ಧಿ ಕದಡುವುದು. ಇಂಥವನನ್ನು ಕುಡಿದು ಬಂದವನೆಂದು ಗದರಿಸಿ ಅಟ್ಟುವ ಮೇಸ್ತ್ರಿ, ತಾನು ಅಟ್ಟಿದ್ದು ಪ್ರಾಣಾಪಾಯದಲ್ಲಿರುವವನನ್ನೆಂದು ಅರಿಯನು. ಅವನನ್ನು ನೆರಳಿಗೊಯ್ದು, ಮೈತುಂಬ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹೊಯ್ಯಕೂಡದು. ಕೆಲಸಕ್ಕೆ ಹೊಸದಾಗಿ ಸೇರಿದವನಿಗಂತೂ ಮೊದಲ ವಾರ ಕಂಟಕ, ಏಕೆಂದರೆ ಬಿಸಿಲಿಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರಗಳೇ ಬೇಕು.

“ಬಾಯಾರಿದರೆ ಕುಡಿಯಲಿ, ದಣಿದರೆ ಕೂರಲಿ, ಬೇಡವೆಂದವರಾರು?” ಎನ್ನುವವರುಂಟು. ಬೇಡವೆನ್ನುವುದು ಕೂಲಿಯ ಲೆಕ್ಕ. ಅಡಿಗಿಷ್ಟು, ಬಿಲ್ಲೆಗಿಷ್ಟು ಎಂದು ಹಣ ಎಣಿಸುವಲ್ಲಿ ಒಂದು ಗಳಿಗೆ ಕುಳಿತವನು ಅಷ್ಟು ಅಕ್ಕಿಯನ್ನು ಕಳೆದುಕೊಂಡನೆಂದೇ ಅರ್ಥ. ಮರೆಗೆ ಹೋಗಲು ತಾಣವಿಲ್ಲದಲ್ಲಿ ಹೆಣ್ಣಾಳುಗಳು ನೀರು ಕುಡಿಯುವುದನ್ನೇ ಕಡಿಮೆ ಮಾಡುವರು. ಆದುದರಿಂದ ಕೊಡ ನೀರಿಟ್ಟು ಕೈತೊಳೆದುಕೊಂಡರೆ ಸಾಲದು. ವಿಶ್ರಾಂತಿಗೂ ಕೂಲಿ ಸಲ್ಲಬೇಕು.

ದಾರಿಹೋಕನಿಗಾಗಿ ಅರವಟ್ಟಿಗೆಯಿಟ್ಟು ಮಜ್ಜಿಗೆ ಎರೆದ ನಾಡು ನಮ್ಮದು; ತನ್ನ ಮನೆಗೇ ಕಲ್ಲು ಹೊರುವವನನ್ನು ಅದು ಮರೆತದ್ದು ಹೇಗೋ ತಿಳಿಯದು. ಗಣಿಯ ಒಡೆಯರಿಗೂ ಸರ್ಕಾರಕ್ಕೂ ಹೇಳುವುದು ಬಹಳವಿದ್ದರೂ, ಈ ಬಿನ್ನಹ ಆಷಾಢ ಬರುವುದರೊಳಗಾಗಿ ಗೃಹಪ್ರವೇಶ ಮುಗಿಯಲೆಂದು ಬೇಸಿಗೆಯಲ್ಲಿ ಕಟ್ಟಡದ ಕೆಲಸವನ್ನು ಅವಸರಿಸುವ ನಮ್ಮನಿಮ್ಮಂಥವರಿಗೆ. ಆಳುಗಳು ಬೆಳಗ್ಗೆ 6ಕ್ಕೆ ಬರಲಿ. 12ಕ್ಕೆ ಹಾರೆ ಕೆಳಗಿಡಲಿ. ಬಿಸಿಲು ಇಳಿದ ಮೇಲೆ ಉಳಿದುದನ್ನು ಮಾಡಲಿ. ದಿನದ ಕೂಲಿಯಲ್ಲಿ ಒಂದು ಕಾಸನ್ನೂ ಮುರಿಯಬೇಡಿ. ಗೃಹಪ್ರವೇಶ ಶ್ರಾವಣಕ್ಕೆ ಹೋದರೆ ಹೋಗಲಿ.