ಗೆದ್ದ ವರ್ಷದ ಮಾತು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾನು ಇಪ್ಪತ್ತು ವರ್ಷಗಳಿಂದ ಕಾಲೇಜಿನ ಹುಡುಗರಿಗೆ ಹೇಳುತ್ತ ಬಂದಿದ್ದೇನೆ. ಅದರ ಮೊದಲ ಅರ್ಧ ನನಗೆ ಕೈಹತ್ತಲಿಲ್ಲವೆಂಬುದಕ್ಕೆ ನನ್ನ ದೇಹವೇ ಸಾಕ್ಷಿ. 2019ರಲ್ಲಿ ನನ್ನ ತೂಕ 134 ಕಿಲೊ ಇತ್ತು. ಎರಡನೆಯ ಅರ್ಧವನ್ನು ಮಾತ್ರ ಬೇಕಾದುದಕ್ಕಿಂತ ಹೆಚ್ಚಾಗಿಯೇ ಕಲಿತೆ. ಯಾರ ಮನಸ್ಸೂ ನೋಯದ ಹಾಗೆ, ಯಾರೊಡನೆಯೂ ಜಗಳವಾಗದ ಹಾಗೆ, ಸಭೆಯೊಂದರಲ್ಲಿ ಎದ್ದು ನಿಂತು ಹಿತವಾದ ಮಾತನ್ನಾಡಿದೆ. ಆ ಹಿತವಾದ ಮಾತನ್ನು ನಂಬಿ ಒಬ್ಬ ಹೆಣ್ಣುಮಗಳು ತೀರ ಕಷ್ಟಕ್ಕೆ ಸಿಕ್ಕಿಕೊಂಡರು. ನಾನು ಈ ಲೇಖನವನ್ನು ಬರೆಯುತ್ತಿರುವುದು ಅದಕ್ಕಾಗಿ.

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಅತಿಯಾದ ಬೊಜ್ಜಿಗೆ ಶಸ್ತ್ರಕ್ರಿಯೆ ಮಾಡುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ ಅವರು ಬೈಪಾಸ್ ಎಂಬ ಕ್ರಮವನ್ನು 1966ರಲ್ಲಿಯೇ ಆರಂಭಿಸಿದರು. ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಉಳಿಸಿ ಅದನ್ನು ನೇರವಾಗಿ ಕರುಳಿಗೆ ಜೋಡಿಸುವುದು ಅದರ ರೀತಿ. ಈಗ ಬಹಳ ಬಳಕೆಯಲ್ಲಿರುವ ಇನ್ನೊಂದು ಕ್ರಮ ಸ್ಲೀವ್. ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು ಬಾಳೆಹಣ್ಣಿನಂತಹ ಒಂದು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ನನಗಾದುದು ಇದು. ಹೀಗೆ ಮಾಡಿಸಿಕೊಂಡವರನ್ನೂ, ಮಾಡಿಸಿಕೊಳ್ಳಬೇಕೆಂದಿರುವವರನ್ನೂ ಒಂದೆಡೆ ಸೇರಿಸಿ ಸಭೆ ನಡೆಸುವ ಪದ್ಧತಿ ಅನೇಕ ಆಸ್ಪತ್ರೆಗಳಲ್ಲಿದೆ. ಬೆಂಗಳೂರಿನಲ್ಲಿ ನಾನು ತಿಂಗಳಿಗೊಮ್ಮೆ ಹೋಗುವ ಸಭೆಯೂ ಅಂತಹುದೇ.

ಅಲ್ಲಿನ ಕ್ರಮ ಹೀಗೆ. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸೇರುತ್ತೇವೆ. ಹೊಸಬರು ಹೆಂಡತಿಯನ್ನೋ ಅಣ್ಣನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತಿರುತ್ತಾರೆ. ಹಳಬರು ಒಬ್ಬೊಬ್ಬರಾಗಿ ಎದ್ದು ಅನುಭವ ಹೇಳುತ್ತಾರೆ. ಒಬ್ಬರು ತಮ್ಮ ಹಳೆಯ ಷರಾಯಿಯನ್ನು ತಂದು, ಅದರ ಒಂದೇ ಕಾಲಿನೊಳಗೆ ತಾವು ಪೂರ್ತಿಯಾಗಿ ನಿಂತು ತೋರಿಸುತ್ತಾರೆ. ಇನ್ನೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟ ಶುಭದಿನವನ್ನು ಹೇಳುತ್ತಾರೆ. ಚಪ್ಪಾಳೆಯಾಗುತ್ತದೆ, ಕಾಫಿ ಬರುತ್ತದೆ. ಇವೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ನಿಜವೇ. ಆದರೆ ಶಾಸನಗಳಲ್ಲಿರುವಂತಹ ನಿಜ.

ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಬರೆಯಿಸಿದ ಶಾಸನವನ್ನು ನಾವೆಲ್ಲ ಓದಿ ಹೆಮ್ಮೆಪಟ್ಟವರೇ. ಇಮ್ಮಡಿ ಪುಲಕೇಶಿ ಹರ್ಷನನ್ನು ಹಿಮ್ಮೆಟ್ಟಿಸಿದನು, ಅದು ಸತ್ಯ. ಆದರೆ ಶಾಸನ 634ಕ್ಕೆ ನಿಂತುಹೋಗುತ್ತದೆ. ಎಂಟು ವರ್ಷಗಳ ಮೇಲೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದನು. ಆ ಸುದ್ದಿಯನ್ನು ಓದಲು ನಾವು ಬಾದಾಮಿಯ ಬಂಡೆಯ ಮೇಲೆ ಪಲ್ಲವರು ಕೊರೆಯಿಸಿದ ಅಕ್ಷರಗಳ ಬಳಿಗೆ ಹೋಗಬೇಕು. ರವಿಕೀರ್ತಿ ಸುಳ್ಳು ಹೇಳಲಿಲ್ಲ. ಅವನು ಗೆದ್ದ ವರ್ಷದಲ್ಲಿ ಬರೆದನು, ಅಷ್ಟೆ. ನಮ್ಮ ಸಭೆಯಲ್ಲಿ ಎದ್ದು ನಿಲ್ಲುವವರೂ ಗೆದ್ದ ವರ್ಷದವರೇ. ಸೋತ ವರ್ಷ ಬಂದೊಡನೆ ಅವರು ಸಭೆಗೆ ಬರುವುದನ್ನೇ ಬಿಡುತ್ತಾರೆ.

ನಾನು ಮಾತನಾಡಿದುದೂ ಗೆದ್ದ ವರ್ಷದಲ್ಲಿಯೇ. 134 ಇದ್ದವನು 88ಕ್ಕೆ ಇಳಿದಿದ್ದೆ. "ಶಸ್ತ್ರಕ್ರಿಯೆಯಾದ ಎಂಟನೆಯ ದಿನ ನಾನು ಪಾಠಕ್ಕೆ ಹೋದೆ" ಎಂದೆ. ಸಭೆಯೆಲ್ಲ ಬೆರಗಾಯಿತು. ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಹದಿನೈದು ನಿಮಿಷಕ್ಕೆ ಮೈಯೆಲ್ಲ ಬೆವೆತು, ಮೇಜನ್ನು ಹಿಡಿದುಕೊಂಡು, "ಮುಂದಿನ ಪುಟ ನೀವೇ ಓದಿಕೊಳ್ಳಿ" ಎಂದು ಕುರ್ಚಿಯಲ್ಲಿ ಕುಸಿದುದನ್ನು ಹೇಳಲಿಲ್ಲ. ಮರುದಿನದಿಂದ ಹತ್ತು ದಿನ ರಜೆ ಹಾಕಿದುದನ್ನು ಹೇಳಲಿಲ್ಲ. ಅವಸರದಲ್ಲಿ ಒಂದು ಇಡ್ಲಿ ನುಂಗಿ ಬಚ್ಚಲುಮನೆಗೆ ಓಡಿದುದನ್ನು ಹೇಳಲಿಲ್ಲ. ನಾಲ್ಕನೆಯ ತಿಂಗಳು ಬಾಚಣಿಗೆಯ ತುಂಬ ಕೂದಲು ಬಂದುದನ್ನೂ ಹೇಳಲಿಲ್ಲ. ತೂಕ ಬೇಗ ಇಳಿದಾಗ ಕೂದಲು ಉದುರುವುದು ಸಾಮಾನ್ಯ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ ಎಂಬ ಸಮಾಧಾನವನ್ನಾದರೂ ಹೇಳಬಹುದಾಗಿತ್ತು. ಉದುರಿದುದನ್ನೇ ಮರೆಮಾಚಿದವನು ಸಮಾಧಾನವನ್ನು ಹೇಗೆ ಹೇಳಿಯಾನು?

ಅಂದು ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಮುಂದೆ ತಾವೂ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಎರಡನೆಯ ವಾರದಿಂದ ಅವರಿಗೆ ವಾಂತಿ ಹತ್ತಿತು. ಗಂಜಿ ನಿಲ್ಲದು, ನೀರು ನಿಲ್ಲದು. ಆಸ್ಪತ್ರೆಯಿಂದ ಫೋನಿನಲ್ಲಿ ವಿಚಾರಿಸಿದಾಗ "ಚೆನ್ನಾಗಿದ್ದೇನೆ" ಎಂದರು. ಐದು ವಾರ ಹೀಗೇ ಕಳೆಯಿತು. ಆಮೇಲೆ ಕಾಲು ಜೋಮು ಹಿಡಿಯಿತು, ನಡೆದರೆ ತೂರಾಟ, ಎದುರಿಗೆ ಬಂದವರು ಇಬ್ಬಿಬ್ಬರಾಗಿ ಕಂಡರು. ಬಿ-ಒಂದು ಜೀವಸತ್ವದ ಸಂಗ್ರಹ ನಮ್ಮ ಮೈಯಲ್ಲಿ ಕೆಲವೇ ವಾರಗಳಷ್ಟು. ಬಿಡದೆ ವಾಂತಿಯಾದರೆ ಅದು ಬರಿದಾಗಿ ನರಗಳಿಗೂ ಮಿದುಳಿಗೂ ಪೆಟ್ಟು ಬೀಳುತ್ತದೆ. ಬೇಗ ತಿಳಿದರೆ ಚುಚ್ಚುಮದ್ದಿನಿಂದ ಸರಿಹೋಗುತ್ತದೆ. ತಡವಾದರೆ ಪೂರ್ತಿ ಸರಿಹೋಗುವ ಭರವಸೆಯಿಲ್ಲ. ಅವರ ಕಣ್ಣು ಸರಿಹೋಯಿತು. ಕಾಲು ಸರಿಹೋಗಿಲ್ಲ, ಇಂದಿಗೂ ಗೋಡೆ ಹಿಡಿದು ನಡೆಯುತ್ತಾರೆ. ನೋಡಲು ಹೋದಾಗ ಅವರು ನನ್ನನ್ನು ದೂರಲಿಲ್ಲ. "ನೀವು ಎಂಟು ದಿನಕ್ಕೆ ಪಾಠ ಮಾಡಿದಿರಿ ಅಂದಿರಲ್ಲ ಮೇಷ್ಟ್ರೆ, ನನ್ನಲ್ಲೇ ಏನೋ ಐಬು ಇರಬೇಕು ಅಂತ ಸುಮ್ಮನಿದ್ದೆ" ಎಂದರು. ದೂರಿದ್ದರೆ ಚೆನ್ನಾಗಿತ್ತು.

ವಾಂತಿ ನಿಲ್ಲದಿದ್ದರೆ ಕೂಡಲೆ ಬನ್ನಿರೆಂದು ಆಸ್ಪತ್ರೆಯವರು ಕೊಟ್ಟ ಅಚ್ಚಿನ ಹಾಳೆಯಲ್ಲಿತ್ತು. ಆ ಹಾಳೆ ಅವರ ಮನೆಯ ಕಪಾಟಿನಲ್ಲಿಯೇ ಇತ್ತು. ಆದರೆ ಅಚ್ಚಿನ ಹಾಳೆಯನ್ನು ಯಾರು ನಂಬುತ್ತಾರೆ? ಜನ ನಂಬುವುದು ಅನುಭವಿಸಿದವನ ಮಾತನ್ನು. ಆದುದರಿಂದಲೇ ಇಂತಹ ಸಭೆಗಳಲ್ಲಿ ಆಡುವ ಮಾತಿಗೆ ಡಾಕ್ಟರರ ಮಾತಿಗಿಂತ ಹೆಚ್ಚಿನ ಹೊಣೆಯಿದೆ ಎಂದು ನಾನು ವಾದಿಸುತ್ತೇನೆ.

ಮುಂದಿನ ಸಭೆಯಲ್ಲಿ, ಅವರ ಹೆಸರು ಹೇಳದೆ, ಇದನ್ನು ಪ್ರಸ್ತಾಪಿಸುತ್ತೇನೆಂದೆ. ಸಭೆ ನಡೆಸುವವರು, "ಇವತ್ತು ಬೇಡಿ ಸಾರ್, ಹೊಸಬರು ಹನ್ನೆರಡು ಜನ ಬಂದಿದ್ದಾರೆ" ಎಂದರು. ಹೊಸಬರು ಬಂದಿರುವುದರಿಂದಲೇ ಇವತ್ತು ಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ.

ಅವರ ಪಕ್ಷದ ವಾದವನ್ನೂ ನೋಡೋಣ. ಹೊಸಬರು ಹೆದರುತ್ತಾರೆ, ಸಭೆಯಿರುವುದು ಧೈರ್ಯ ತುಂಬಲು, ಒಬ್ಬೊಬ್ಬರ ದೇಹ ಒಂದೊಂದು ಬಗೆ, ಒಬ್ಬರಿಗಾದುದನ್ನು ಎಲ್ಲರಿಗೂ ಏತಕ್ಕೆ ಹೇಳಬೇಕು? ಸರಿ. ಆದರೆ ಹೊಳೆಯ ಆಳವನ್ನು ಅರಿಯದೆ ಇಳಿಯುವುದಕ್ಕೆ ಧೈರ್ಯವೆಂದು ಹೆಸರಿಲ್ಲ. ಆಳವೆಲ್ಲಿ, ಸುಳಿಯೆಲ್ಲಿ, ಕೂಗಿದರೆ ದೋಣಿಯವನು ಎಲ್ಲಿರುತ್ತಾನೆ ಎಂಬುದನ್ನು ತಿಳಿದು ಇಳಿಯುವುದು ಧೈರ್ಯ. ಒಬ್ಬೊಬ್ಬರ ದೇಹ ಒಂದೊಂದು ಬಗೆಯೆಂಬ ಮಾತು ನಿಜವಾದರೆ, ಷರಾಯಿಯ ಒಂದೇ ಕಾಲಿನಲ್ಲಿ ನಿಂತವರ ಅನುಭವವನ್ನೂ ಎಲ್ಲರಿಗೂ ಹೇಳಬಾರದಷ್ಟೆ. ಹಿಗ್ಗಿಗೆ ಒಂದು ನ್ಯಾಯ, ನೋವಿಗೆ ಇನ್ನೊಂದು ನ್ಯಾಯ ಎಲ್ಲಿಯದು?

ಅಷ್ಟಕ್ಕೂ ನಿಜವನ್ನು ಹೇಳಿದರೆ ಈ ಚಿಕಿತ್ಸೆಯ ಮಾನವೇನೂ ಹೋಗುವುದಿಲ್ಲ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭಿಸಿದ ಒಂದು ಅಧ್ಯಯನದಲ್ಲಿ ಶಸ್ತ್ರಕ್ರಿಯೆಯಾದ 2010 ಮಂದಿಯನ್ನೂ, ಆಗದ 2037 ಮಂದಿಯನ್ನೂ ದೀರ್ಘಕಾಲ ಗಮನಿಸಿದರು. 2007ರ ವರದಿಯಂತೆ, ಸರಾಸರಿ ಹನ್ನೊಂದು ವರ್ಷಗಳ ಅವಧಿಯಲ್ಲಿ ಮೊದಲ ಗುಂಪಿನಲ್ಲಿ ತೀರಿಕೊಂಡವರು 101 ಮಂದಿ, ಎರಡನೆಯದರಲ್ಲಿ 129. ಬೈಪಾಸ್ ಆದವರು ಒಂದೆರಡು ವರ್ಷಗಳಲ್ಲಿ ಸರಾಸರಿ ನೂರಕ್ಕೆ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷದ ಕೊನೆಗೆ ಆ ಇಳಿಕೆ ನೂರಕ್ಕೆ 25ರಲ್ಲಿ ನಿಂತಿತ್ತು. ಆಯುಸ್ಸು ಉಳಿಯಿತು, ತೂಕದ ಕಾಲುಭಾಗ ಹತ್ತು ವರ್ಷವಾದರೂ ಹಿಂದಿರುಗಲಿಲ್ಲ. ಇಷ್ಟು ಒಳ್ಳೆಯ ನಿಜ ಕೈಯಲ್ಲಿರುವಾಗ ಅದಕ್ಕೆ ಕಲಾಯಿ ಹಾಕುವ ಅವಶ್ಯಕತೆಯೇನು?

ಆದರೆ 32 ಎಂಬುದು 25 ಆಗುತ್ತದೆ ಎಂಬುದೂ ಅದೇ ನಿಜದ ಭಾಗ. ಇದನ್ನು ಮೊದಲೇ ಕೇಳಿದವನು ಐದನೆಯ ವರ್ಷ ತೂಕ ಏರಿದಾಗ ಡಾಕ್ಟರರ ಬಳಿಗೆ ಹೋಗುತ್ತಾನೆ. ಕೇಳದವನು ಮನೆಯಲ್ಲಿ ಅಡಗಿಕೊಳ್ಳುತ್ತಾನೆ. ನನ್ನ ಕಥೆಯನ್ನೇ ಹೇಳುತ್ತೇನೆ. ಮುದ್ದೆ ಅರ್ಧಕ್ಕೇ ಸಾಕೆನ್ನುವ ನನ್ನ ಕೊಳವೆಯಲ್ಲಿ ಸಂಜೆಯ ಕೋಡುಬಳೆ, ಮೈಸೂರು ಪಾಕು, ಸಕ್ಕರೆ ಹಾಕಿದ ಕಾಫಿ ಸಲೀಸಾಗಿ ಇಳಿಯುತ್ತವೆ. 88 ಈಗ 101 ಆಗಿದೆ. ಸರಾಸರಿಯ ಲೆಕ್ಕದಲ್ಲಿ ನಾನೇನೂ ಸೋತವನಲ್ಲ. ಆದರೂ ಒಂದು ವರ್ಷ ಸಭೆಗೆ ಮುಖ ತೋರಿಸಲಿಲ್ಲ. ನನ್ನಂತೆ ತಪ್ಪಿಸಿಕೊಂಡವರು ಎಷ್ಟು ಜನವೊ!

ನಮ್ಮ ಬಾಯಿ ಮುಚ್ಚಿಸುವಲ್ಲಿ ಹೊರಗಿನವರ ಪಾಲೂ ಇದೆ. "ಬಾಯಿ ಕಟ್ಟಲಾರದವರು ಹೊಟ್ಟೆ ಕತ್ತರಿಸಿಕೊಂಡರು" ಎಂದು ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ನಗುವ ಬಂಧುಗಳಿದ್ದಾರೆ. ಇವರಿಗೆ ಹೆದರಿ ಎಷ್ಟೋ ಮಂದಿ ಶಸ್ತ್ರಕ್ರಿಯೆಯ ವಿಷಯವನ್ನೇ ಮುಚ್ಚಿಟ್ಟು, "ದಿನಾ ನಡೆಯುತ್ತೇನೆ, ಅನ್ನ ಬಿಟ್ಟೆ" ಎನ್ನುತ್ತಾರೆ. ಒಂದು ಸಣ್ಣ ತೊಂದರೆ ಹೇಳಿದರೂ "ನಾವು ಅಂದೇ ಹೇಳಿರಲಿಲ್ಲವೆ?" ಎನ್ನಲು ಈ ಮಹನೀಯರು ಕಾದಿರುತ್ತಾರೆ. ಅವರಿಗೆ ನನ್ನ ವಿನಂತಿ ಇಷ್ಟೆ: ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ರಸವೊಂದು ಜಠರದಲ್ಲಿ ಹುಟ್ಟುತ್ತದೆಂದು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಹಸಿವೆಂಬುದು ಬರಿಯ ಚಾಪಲ್ಯವಲ್ಲ. ಅದಕ್ಕೆ ಮೈಯೊಳಗೆ ಒಂದು ಯಂತ್ರವಿದೆ. ನಿಮ್ಮ ಯಂತ್ರ ನೆಟ್ಟಗಿದ್ದರೆ ಅದು ನಿಮ್ಮ ಭಾಗ್ಯ, ನಿಮ್ಮ ತಪಸ್ಸಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ಎದ್ದು ನಿಂತವರು ಮೊದಲು ತಮಗೆ ಶಸ್ತ್ರಕ್ರಿಯೆಯಾಗಿ ಎಷ್ಟು ಕಾಲವಾಯಿತೆಂದು ಹೇಳಲಿ. ಕೇಳುವವರಿಗೆ ಇದು ಯಾವ ವರ್ಷದ ಶಾಸನವೆಂದು ತಿಳಿಯಲಿ. ಮೂರು ಅಂಕಿಗಳನ್ನು ಹೇಳಲಿ: ಮೊದಲಿನ ತೂಕ, ಅತಿ ಕಡಿಮೆಯಾದಾಗಿನ ತೂಕ, ಈಗಿನ ತೂಕ. ಒಂದು ಸುಖದ ಜೊತೆಗೆ ಒಂದು ಕಷ್ಟವನ್ನೂ, ಅದಕ್ಕೆ ಯಾರ ಬಳಿಗೆ ಎಷ್ಟು ದಿನದಲ್ಲಿ ಹೋದೆವೆಂಬುದನ್ನೂ ಹೇಳಲಿ. ಪಿತ್ತಕೋಶದ ಕಲ್ಲು, ಎದೆಯುರಿ, ಜೋತುಬಿದ್ದ ಚರ್ಮ, ಜೀವನಪೂರ್ತಿ ನುಂಗಬೇಕಾದ ಜೀವಸತ್ವದ ಮಾತ್ರೆ, ನಮ್ಮಂತಹ ಸಸ್ಯಾಹಾರಿಗಳ ಮನೆಗಳಲ್ಲಿ ಮೊದಲೇ ಕೊರತೆಯಿರುವ ಬಿ-ಹನ್ನೆರಡು ಇವುಗಳ ಮಾತು ಎಂಟು ವರ್ಷದ ಹಳಬರ ಬಾಯಿಂದ ಬರಲಿ. ತೂಕ ಮರಳಿ ಬಂದಿತೆಂದು ಮನೆಯಲ್ಲಿ ಕುಳಿತವರಿಗೆ ಸಭೆಯವರೇ ಫೋನು ಮಾಡಿ, "ನೀವೇ ಮುಖ್ಯವಾಗಿ ಬೇಕಾದವರು" ಎಂದು ಕರೆಯಲಿ. ಭಯಂಕರ ಕಥೆ ಹೇಳಿ ಹೆದರಿಸುವವರಿಗೂ ಇದೇ ನಿಯಮವಿರಲಿ: ಯಾವ ವರ್ಷ, ಯಾವ ಅಂಕಿ, ಏನು ಮಾಡಿದಿರಿ?

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾನು ಇನ್ನು ಬೇರೆ ರೀತಿಯಲ್ಲಿ ವಿಸ್ತರಿಸಬೇಕೆಂದಿದ್ದೇನೆ. ಜಗಳ ತಪ್ಪಲೆಂದು ಬಾಯಿ ಮುಚ್ಚಿಕೊಂಡವನು ಮಾತು ಬಲ್ಲವನಲ್ಲ. ಮುಂದಿನ ತಿಂಗಳ ಸಭೆಗೆ ಹೋಗುತ್ತೇನೆ. ಆ ಹೆಣ್ಣುಮಗಳೂ ಬರುತ್ತೇನೆಂದಿದ್ದಾರೆ. ಅವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಬೇಕು. ಎದ್ದು ನಿಂತು, ಆರು ವರ್ಷ ದಾಟಿತು, 134, 88, 101 ಎಂದು ಹೇಳುತ್ತೇನೆ. ಎಂಟನೆಯ ದಿನದ ಪಾಠ ಹದಿನೈದೇ ನಿಮಿಷದ್ದೆಂದೂ ಹೇಳುತ್ತೇನೆ. ಚಪ್ಪಾಳೆ ಬೀಳದಿದ್ದರೆ ಬೇಡ. ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು, "ಸಾರ್, ನನಗೂ ವಾಂತಿ ನಿಂತಿಲ್ಲ" ಎಂದು ಎದ್ದು ನಿಂತರೆ ಸಾಕು.